ಹಗ್ಗದ ಏಳನೆಯ ಜಾಗ

೧೯೮೮ರಲ್ಲಿ ಮೀನುಗಾರಿಕೆ ಇಲಾಖೆಯ ಸಾಹೇಬರೊಬ್ಬರು ಕುಮಟೆಯಿಂದ ಜೀಪಿನಲ್ಲಿ ಬಾಡಕ್ಕೆ ಬಂದಿದ್ದರು. ಕರಾವಳಿಯ ಉದ್ದಕ್ಕೂ ರಂಪಣಿ ಬಲೆಯ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿರುವಾಗ ಬಾಡದ ನಲವತ್ತೊಂದು ಮನೆಗಳ ಕಂಪನಿ ಹೇಗೆ ಉಳಿಯಿತು, ಹೇಗೆ ಬೆಳೆಯಿತು ಎಂದು ಅವರು ವರದಿ ಬರೆಯಬೇಕಿತ್ತಂತೆ. ಊರವರು ಬೆಲ್ಲ ನೀರು ಕೊಟ್ಟು, ಮಷಿನ್ ತೋರಿಸಿ, ಹೊಸ ಬಲೆ ಬಿಡಿಸಿ ತೋರಿಸಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಸಾಹೇಬರು ಖುಷಿಯಿಂದ ಬರೆದುಕೊಂಡರು. ಕೊನೆಗೆ ಮೂಲೆಯಲ್ಲಿ ಬೀಡಿ ಸೇದುತ್ತ ಕೂತಿದ್ದ ಮಾಸ್ತಿ ಹರಿಕಂತ್ರನ ಕಡೆ ತಿರುಗಿ, "ನಿಮ್ಮದೇನಾದರೂ ಇದೆಯಾ ಅಜ್ಜ?" ಎಂದು ಕೇಳಿದರು.

"ಎಂತದೂ ಇಲ್ಲ ಸಾಯ್ಬರೆ. ಎಲ್ಲ ಅವ್ರು ಹೇಳ್ದಂಗೇ," ಎಂದ ಮಾಸ್ತಿ.

ಆ ವರದಿಯಲ್ಲಿ ಇರುವುದೆಲ್ಲ ನಿಜ. ಬದಲಾದ ಕಾಲವನ್ನು ಮೊದಲೇ ಗುರುತಿಸಿದರು, ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟಿದರು, ತಪ್ಪಿದಾಗ ತಿದ್ದಿಕೊಂಡರು ಎಂದೆಲ್ಲ ಚಂದವಾಗಿ ಬರೆದಿದ್ದಾರೆ. ಓದಿದರೆ ಬಾಡದವರು ಬಲು ಬುದ್ಧಿವಂತರು ಅನಿಸುತ್ತದೆ. ಬುದ್ಧಿವಂತರು ಹೌದು. ಆದರೆ ಹಗ್ಗದ ಏಳನೆಯ ಜಾಗದ ಸುದ್ದಿ ಅದರಲ್ಲಿಲ್ಲ. ಅದನ್ನು ಬರೆಯಲು ಇಲಾಖೆಯ ಫಾರ್ಮಿನಲ್ಲಿ ಕಾಲಂ ಎಲ್ಲಿರುತ್ತದೆ?

ಮಾಸ್ತಿಯ ಕಣ್ಣು ವಿಚಿತ್ರದ್ದು. ಎದುರಿಗಿಟ್ಟ ಗಂಜಿಯ ಬಟ್ಟಲಲ್ಲಿ ನೊಣ ಬಿದ್ದರೆ ಅವನಿಗೆ ಕಾಣುತ್ತಿರಲಿಲ್ಲ. ಗುಡ್ಡದ ತುದಿಗೆ ನಿಂತರೆ ಮಾತ್ರ ಒಂದು ಮೈಲು ಆಚೆ, ನೀರಿನ ಅಡಿಯಲ್ಲಿ ಸುಳಿಯುವ ಬಂಗಡೆಯ ಹಿಂಡು ಕಾಣುತ್ತಿತ್ತು. "ನನ್ ಮುಖ ಹೆಂಗದೆ ಅಂತ ನೋಡೂಕೂ ಇವ್ರು ಗುಡ್ಡ ಹತ್ಬೇಕು," ಎಂದು ಅವನ ಹೆಂಡತಿ ದುರ್ಗಿ ನೆರೆಯವರ ಮುಂದೆ ನಗಾಡುತ್ತಿದ್ದಳು. ಹಿಂಡು ನಡೆಯುವಲ್ಲಿ ನೀರಿನ ಬಣ್ಣ ಮಸುಕಾಗುತ್ತದೆ. ಮೋಡದ ನೆರಳು ಬಿದ್ದರೂ ಹಾಗೆಯೇ ಆಗುತ್ತದೆ. ಮೋಡದ ನೆರಳು ಗಾಳಿ ಹೋದ ಕಡೆ ಹೋಗುತ್ತದೆ, ಮೀನಿನ ನೆರಳು ತನ್ನಿಷ್ಟದ ಕಡೆ ಹೋಗುತ್ತದೆ. ಇಷ್ಟನ್ನು ಅವನಿಗೆ ಸೋದರಮಾವ ಹೇಳಿಕೊಟ್ಟಿದ್ದ. ಮಿಕ್ಕಿದ್ದು ಕಣ್ಣೇ ಕಲಿತದ್ದು.

ರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ಮನೆಗೊಂದು ತುಂಡಿನಂತೆ ನಲವತ್ತೊಂದು ಮನೆಯವರು ಹೆಣೆದ ತುಂಡುಗಳನ್ನು ಸೇರಿಸಿ ಹೊಲಿದು ಅದನ್ನು ಮಾಡಿದ್ದರು. ಮಾಸ್ತಿ ಗುಡ್ಡದ ಮೇಲಿಂದ ಕೆಂಪು ಪಂಜಿ ಬಟ್ಟೆ ಬೀಸಿದರೆ ದೋಣಿ ಹೊರಟು ಹಿಂಡನ್ನು ಬಳಸಿ ಬಲೆ ಬಿಡುತ್ತಿತ್ತು. ಬಲೆಯ ಎರಡೂ ತುದಿಯ ಹಗ್ಗಗಳನ್ನು ಮರಳಿನ ಮೇಲೆ ಎರಡು ಸಾಲಾಗಿ ನಿಂತು ಎಳೆಯುತ್ತಿದ್ದರು. ಸಾಲಿನಲ್ಲಿ ಯಾರ ಜಾಗ ಯಾವುದೆಂದು ಅಪ್ಪನ ಕಾಲದಿಂದ ನಿಗದಿ. ಗುಡ್ಡದಿಂದ ಮೀನು ನೋಡುವವನು ಮಾತ್ರ ಹಗ್ಗ ಹಿಡಿಯುವಂತಿಲ್ಲ. ಅವನು ಪಂಜಿ ಬೀಸಿದ ಮೇಲೆ ಯಾರೂ ಯಾಕೆ ಎಂದು ಕೇಳುವಂತಿಲ್ಲ. ಆಮೇಲೆ ಏನೇ ಆದರೂ ಅವನ ಮೇಲೆ ದೂರು ಹೇಳುವಂತಿಲ್ಲ.

ಈ ಕೊನೆಯ ಕಟ್ಟಳೆಯೇ ಮಾಸ್ತಿಯನ್ನು ತಿಂದದ್ದು.

೧೯೭೧ರ ಚೌತಿ ಕಳೆದ ವಾರ. ಮಳೆಗಾಲದ ಸಮುದ್ರ ಪೂರ್ತಿ ತಣಿದಿರಲಿಲ್ಲ. ಹದಿನೈದು ದಿನದಿಂದ ದಡಕ್ಕೆ ಮೀನಿಲ್ಲ. ಆ ಬೆಳಿಗ್ಗೆ ಮಾಸ್ತಿಗೆ ದೊಡ್ಡ ಹಿಂಡು ಕಂಡಿತು. ಹಿಂಡಿನ ಹಿಂದೆ, ಇನ್ನೂ ದೂರದಲ್ಲಿ, ನೀರು ಒಮ್ಮೆ ಬೆಳ್ಳಗಾಗಿ ಮತ್ತೆ ಕಪ್ಪಾದದ್ದೂ ಕಂಡಿತು. ಅದು ತೆರೆಯ ಮೇಲೆ ತೆರೆ ಏರುವ ಸೂಚನೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಪಂಜಿ ಬೀಸಿದ. ದೋಣಿ ಮಗುಚಿತು. ಆರು ಜನ ಈಜಿ ಬಂದರು. ಏಳನೆಯವನು, ಅವನ ಸ್ವಂತ ತಮ್ಮ ಮಾಬ್ಲ, ಬರಲಿಲ್ಲ. ಓಡುತ್ತಿದ್ದ ಹಗ್ಗ ಅವನ ಕಾಲಿಗೆ ಸುತ್ತಿಕೊಂಡದ್ದನ್ನು ನಾಗ ಎಂಬವನು ನೋಡಿದ್ದನಂತೆ. ಹೆಣ ಸಿಗಲಿಲ್ಲ.

ಮಾಸ್ತಿಯನ್ನು ಯಾರೂ ಒಂದು ಮಾತು ಅನ್ನಲಿಲ್ಲ. ತಾಂಡೇಲ ಚೌಡ, ಅಂದರೆ ಕಂಪನಿಯ ಯಜಮಾನ, ಅವನ ಹೆಗಲ ಮೇಲೆ ಕೈ ಇಟ್ಟು ಹೋದ. ಮಾಬ್ಲನ ಹೆಂಡತಿ ತಿಮ್ಮಿ, ಒಂಬತ್ತು ವರ್ಷದ ಮಗ ಗಣಪನನ್ನು ಕಂಕುಳಿಗೆ ಒತ್ತಿಕೊಂಡು, "ನೀವಾದ್ರೂ ಉಂಡ್ರಾ ಭಾವ?" ಎಂದು ಕೇಳಿದಳು. ಯಾರಾದರೂ ಕೆನ್ನೆಗೆ ಹೊಡೆದಿದ್ದರೆ ಒಳ್ಳೆಯದಿತ್ತು ಎಂದು ಮಾಸ್ತಿಗೆ ಅನಿಸಿತು. ಬೆಳ್ಳಗಾದ ನೀರಿನ ಸುದ್ದಿಯನ್ನು ಅವನು ಯಾರಿಗೂ ಹೇಳಲಿಲ್ಲ.

ಬಾಡದ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಹೆಣ ಸಿಕ್ಕದವನ ಜಾಗವನ್ನು ಹಗ್ಗದ ಮೇಲೆ ಖಾಲಿ ಬಿಡಬೇಕು. ಅವನ ತುಂಡು ಬಲೆಯಲ್ಲಿ ಇರಬೇಕು, ಅವನ ಪಾಲು ಮನೆಗೆ ಹೋಗಬೇಕು. ಮಗ ದೊಡ್ಡವನಾಗಿ ಬಂದರೂ ಬೇರೆ ಜಾಗದಲ್ಲಿ ನಿಲ್ಲಬೇಕು. ಹಾಗೆ ಎಡ ಸಾಲಿನಲ್ಲಿ ಮಾಬ್ಲನದಾಗಿದ್ದ ಏಳನೆಯ ಜಾಗ ಖಾಲಿ ಉಳಿಯಿತು.

ಹತ್ತು ದಿನದ ನಂತರ ಮತ್ತೆ ಬಲೆ ಬಿಟ್ಟರು. ಮಾಸ್ತಿ ಗುಡ್ಡದಿಂದ ನೋಡುತ್ತಿದ್ದ. ಇಬ್ಬರ ನಡುವೆ ಹಗ್ಗ ಸ್ವಲ್ಪ ಜೋಲುವುದು ಸಹಜ. ಆರನೆಯವನಿಗೂ ಎಂಟನೆಯವನಿಗೂ ನಡುವೆ ದುಪ್ಪಟ್ಟು ದೂರ, ಅಲ್ಲಿ ಇನ್ನಷ್ಟು ಜೋಲಬೇಕು. ಜೋಲಲಿಲ್ಲ. ಸೊಂಟದ ಎತ್ತರಕ್ಕೆ ಯಾರೋ ಹಿಡಿದ ಹಾಗೆ ನೆಟ್ಟಗೆ ನಿಂತಿತ್ತು. ಮಾಸ್ತಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಮಟಮಟ ಬಿಸಿಲು. ಸಾಲು ಹಿಂದಕ್ಕೆ ಹೆಜ್ಜೆ ಇಟ್ಟಾಗ ಆ ನೆಟ್ಟಗಿನ ಜಾಗವೂ ಹಿಂದಕ್ಕೆ ಹೆಜ್ಜೆ ಇಟ್ಟಿತು.

ಮರಳಿನ ಮೇಲೆ ನಿಂತವರಿಗೆ ಇದು ಕಾಣುವಂತಿರಲಿಲ್ಲ, ಎಲ್ಲರ ಕಣ್ಣೂ ಸಮುದ್ರದ ಮೇಲೆ. ಒಂದು ದಿನ ಎಲ್ಲರೂ ಮೀನು ತುಂಬುವ ಗಡಿಬಿಡಿಯಲ್ಲಿದ್ದಾಗ ಅವನು ಇಳಿದು ಹೋಗಿ ಆ ಜಾಗ ನೋಡಿದ. ಹಗ್ಗ ಎಳೆಯುವವರು ಹಿಮ್ಮಡಿ ಊರಿ ನಿಲ್ಲುತ್ತಾರೆ, ಮರಳಿನಲ್ಲಿ ಗುಳಿ ಬೀಳುತ್ತದೆ. ಏಳನೆಯ ಜಾಗದಲ್ಲೂ ಎರಡು ಗುಳಿಗಳಿದ್ದವು. ಉಳಿದವರ ಗುಳಿಗಳು ಒಣಗಿದ್ದವು, ಇವೆರಡರಲ್ಲಿ ನೀರು ನಿಂತು ಅಂಚು ಕುಸಿದಿತ್ತು. ಹಿಮ್ಮಡಿ ಯಾವ ಕಡೆ, ಬೆರಳು ಯಾವ ಕಡೆ ಎಂದು ತಿಳಿಯುವ ಹಾಗಿರಲಿಲ್ಲ.

ಅಂದಿನಿಂದ ಅವನಿಗೆ ಒಂದೇ ಚಿಂತೆ ಹಿಡಿಯಿತು. ಮಾಬ್ಲ ಬರುತ್ತಾನೆ ಎಂಬುದಲ್ಲ, ಅದು ಗೊತ್ತಾಯಿತು. ಬಂದವನು ಊರವರ ಜೊತೆ ದಡಕ್ಕೆ ಎಳೆಯುತ್ತಿದ್ದಾನೋ, ಊರವರನ್ನು ಸಮುದ್ರಕ್ಕೆ ಎಳೆಯುತ್ತಿದ್ದಾನೋ? ಬಿಗಿದ ಹಗ್ಗ ಎರಡಕ್ಕೂ ಒಂದೇ ಥರ ಕಾಣುತ್ತದೆ.

ವರ್ಷಗಳು ಹೋದವು. ಎಪ್ಪತ್ತೇಳು, ಎಪ್ಪತ್ತೆಂಟರ ಹೊತ್ತಿಗೆ ತೆಂಕಣ ಕಡೆಯಿಂದ ಪರ್ಸಿನ್ ಬೋಟುಗಳು ಬಂದವು. ಆಳ ನೀರಿನಲ್ಲೇ ಹಿಂಡನ್ನು ಬಳಸಿ, ಬಲೆಯ ತಳವನ್ನು ಚೀಲದ ಬಾಯಿಯಂತೆ ಹಗ್ಗದಿಂದ ಬಿಗಿದು ಎತ್ತಿಬಿಡುತ್ತಿದ್ದವು. ದಡಕ್ಕೆ ಬರುವ ಮೀನು ಕಡಿಮೆಯಾಯಿತು. ಉಳಿದ ಊರುಗಳ ರಂಪಣಿಗಳು ಚಪ್ಪರದಡಿ ಬಿದ್ದು ಇಲಿಗಳ ಪಾಲಾದವು. ಅವರೆಲ್ಲ ಮೊದಲು ಬೈದರು, ಆಮೇಲೆ ಅರ್ಜಿ ಕೊಟ್ಟರು, ಆಮೇಲೆ ಬಲೆ ಕತ್ತರಿಸಿ ತೆಂಗಿನ ಸಸಿಗೆ ಬೇಲಿ ಮಾಡಿದರು. ಬಾಡದವರೂ ಬೈಯುವುದರಲ್ಲಿ ಹಿಂದೆ ಬೀಳಲಿಲ್ಲ. ಆದರೆ ಬೈಯುತ್ತಲೇ ನೋಡುತ್ತಿದ್ದರು. ಮಾಸ್ತಿ ದಿನಾ ಗುಡ್ಡ ಹತ್ತಿ, ಹಿಂಡು ಎಲ್ಲಿ ತಿರುಗಿ ಹೋಯಿತು, ಬೋಟು ಎಷ್ಟು ಆಳಕ್ಕೆ ನಿಂತಿತು ಎಂದು ಸಂಜೆ ಚೌಡನಿಗೆ ಹೇಳುತ್ತಿದ್ದ. ಬೆಳೆದು ನಿಂತ ಗಣಪನನ್ನು ಚೌಡ ಭಟ್ಕಳದ ಬಂದರಕ್ಕೆ ಕಳಿಸಿದ. "ಅವ್ರ ಬೋಟಲ್ಲಿ ಕೂಲಿ ಮಾಡು. ಕೈ ಕೆಲಸ ಮಾಡ್ಲಿ, ಕಣ್ಣು ಕಲೀಲಿ," ಎಂದಿದ್ದ.

೧೯೮೫ರ ಬೇಸಿಗೆಯಲ್ಲಿ ಗಣಪ ಮರಳಿದ. ಕಂಪನಿಯ ಎಲ್ಲರೂ ಚಪ್ಪರದಲ್ಲಿ ಸೇರಿದ್ದರು.

"ಅವ್ರಷ್ಟು ದೊಡ್ಡ ಬೋಟು ನಮ್ಗೆ ಬ್ಯಾಡ," ಎಂದ ಗಣಪ. "ರಂಪಣಿ ಬಿಚ್ಚುವ. ತುಂಡು ತುಂಡು ಮಾಡಿ, ಒಳ್ಳೇದು ಆರಿಸಿ, ತಳಕ್ಕೆ ಬಳೆ ಕಟ್ಟಿ, ಹಗ್ಗ ಪೋಣ್ಸಿ, ಅವ್ರ ಬಲೆ ಹಂಗೇ ತಳ ಬಿಗಿಯೂ ಸಣ್ಣ ಮಾಟಬಲೆ ಹೊಲಿಯುವ. ಹೊನ್ನಾವರದಲ್ಲಿ ಬಡಿಗೇರು ದೋಣಿ ಅಗಲ ಮಾಡ್ಕೊಡ್ತಾರೆ. ಹಿಂದೆ ಮಷಿನ್ ಕೂರ್ಸುವ. ದೋಣಿಗೆ ಹದಿನಾರೇ ಜನ, ಪಾಳಿ ಮೇಲೆ. ಪಾಲು ಮಾತ್ರ ಎಲ್ಲ ಮನೆಗೂ."

"ಮೀನು ನೋಡೂರು ಯಾರು?" ಎಂದು ಚೌಡ ಕೇಳಿದ.

"ದೊಡ್ಡಪ್ಪ ದೋಣಿ ಮುಂದೆ ನಿತ್ಕಳ್ಳಲಿ. ಆ ಕಣ್ಣು ಪರ್ಸಿನವ್ರಲ್ಲಿ ಇಲ್ಲ. ಅವ್ರು ಅರ್ಧ ದಿನ ಡೀಸೆಲ್ ಸುಟ್ಟು ಹುಡುಕ್ತಾರೆ."

ಎಲ್ಲರೂ ಮಾಸ್ತಿಯ ಕಡೆ ನೋಡಿದರು. ಅವನು ತಲೆಯಾಡಿಸಿದ. ಚೌಡನಿಗೆ ಸಮಾಧಾನವಾಯಿತು. "ಆತು. ಏಳನೇ ಜಾಗ ದೋಣಿಲೂ ಬಿಡುವ. ಅದು ನಮ್ಮ ಪದ್ಧತಿ," ಎಂದ.

"ಬ್ಯಾಡ," ಎಂದ ಮಾಸ್ತಿ.

ಸ್ವಂತ ತಮ್ಮನ ಜಾಗ ಅಳಿಸುವ ಅಣ್ಣನನ್ನು ಊರು ಅಲ್ಲಿಯವರೆಗೆ ನೋಡಿರಲಿಲ್ಲ. ಯಾಕೆ ಎಂದು ಚೌಡ ಕೇಳಿದ. ಇಕ್ಕಟ್ಟು, ದೋಣಿಯಲ್ಲಿ ಜಾಗ ಸಾಲದು ಎಂದು ಮಾಸ್ತಿ ಸುಳ್ಳು ಹೇಳಿದ. ಗಣಪನ ಮುಖ ಕಪ್ಪಿಟ್ಟಿತು.

ಎರಡು ದಿನ ನಲವತ್ತೊಂದು ಮನೆಯವರು ಮರಳಿನ ಮೇಲೆ ಕೂತು ಬಲೆ ಬಿಚ್ಚಿದರು. ತಮ್ಮ ಮನೆಯ ತುಂಡು ಎಲ್ಲಿ ಸೋತಿದೆ, ಎಲ್ಲಿ ಗಟ್ಟಿ ಇದೆ ಎಂದು ಪ್ರತಿಯೊಬ್ಬರ ಬೆರಳಿಗೂ ಗೊತ್ತಿತ್ತು, ಅದಕ್ಕೇ ಕೆಲಸ ಸಲೀಸಾಗಿ ಸಾಗಿತು. ಮಾಬ್ಲನ ತುಂಡು ತಿಮ್ಮಿಯ ಮಡಿಲಲ್ಲಿತ್ತು. ಬಿಚ್ಚುವ ಮೊದಲು ಮೂರು ದಿನ ಬಿಸಿಲಿಗೆ ಒಣಗಿಸಿದ್ದರೂ ಅದು ಒದ್ದೆಯಾಗಿತ್ತು. ಅವಳ ಸೀರೆ ಮೊಣಕಾಲವರೆಗೆ ನೆನೆದಿದ್ದನ್ನು ಮಾಸ್ತಿ ನೋಡಿದ. ಅವಳು ಅದನ್ನು ಸರಿಸಿಕೊಂಡು ಬಿಚ್ಚುತ್ತಲೇ ಇದ್ದಳು.

ಸಂಜೆ ಬಿಸಿಲು ಇನ್ನೂ ಇರುವಾಗಲೇ ಅವಳು ಅವನ ಮನೆಯಂಗಳಕ್ಕೆ ಬಂದಳು. ದುರ್ಗಿ ಒಳಗೆ ಮೀನು ಹೆಚ್ಚುತ್ತಿದ್ದಳು.

"ಜಾಗ ಇಲ್ಲ ಅಂದ್ರಲ್ಲ ಭಾವ. ನಂಗೆ ನಿಜ ಹೇಳಿ."

ಹದಿನಾಲ್ಕು ವರ್ಷ ಒಳಗಿಟ್ಟದ್ದು ಆಗ ಹೊರಗೆ ಬಂತು. ಜೋಲದ ಹಗ್ಗ, ನೀರು ನಿಂತ ಗುಳಿ, ಎಲ್ಲ ಹೇಳಿದ. ತಿಮ್ಮಿ ಹೆದರಲಿಲ್ಲ. "ಅವ ಬತ್ತ ಅಂತ ನಂಗೊತ್ತು," ಎಂದಳು. "ಆ ತುಂಡು ನಾ ಎಷ್ಟು ಒಣಗಿಸ್ದೆ."

"ಬತ್ತ, ಸರಿ. ಯಾವ ಬದಿಗೆ ಎಳೀತ ಅಂತ ನಿಂಗೊತ್ತಿದ್ಯಾ?"

"ಇಷ್ಟು ವರ್ಷ ಬಲೆ ದಡಕ್ಕೇ ಬಂತಲ್ಲ."

"ಈ ಬದಿಗೆ ನಲವತ್ತು ಜನ ಇದ್ರು ತಿಮ್ಮಿ. ದೋಣಿಲಿ ಹದಿನಾರೇ ಜನ. ಅದ್ರಲ್ಲಿ ಗಣಪನೂ ಒಬ್ಬ."

"ನಿಮ್ ಮೇಲೆ ಅವಂಗೆ ಸಿಟ್ಟು ಎಂತಕ್ಕೆ?" ಎಂದು ಕೇಳಿದಳು. ಬೆಳ್ಳಗಾದ ನೀರಿನ ಮಾತು ಮಾಸ್ತಿಯ ನಾಲಗೆಯ ತುದಿಗೆ ಬಂದು ಮತ್ತೆ ಒಳಗೆ ಹೋಯಿತು. ಅವನು ಹೇಳದ್ದನ್ನು ಅವಳು ಅರ್ಧ ಊಹಿಸಿಕೊಂಡಳು ಎಂದು ಕಾಣುತ್ತದೆ. ಎದ್ದು ಹೋಗುವಾಗ, "ಗುಡ್ಡದ ಮೇಲೆ ನಿತ್ಕಂಡು ಕೇಳ್ದ್ರೆ ಅವಂಗೆ ಕೇಳೂದಿಲ್ಲ ಭಾವ," ಎಂದಳು.

ಮಳೆಗಾಲ ಕಳೆದು ಮಾಟಬಲೆ ನೀರಿಗಿಳಿಯಿತು. ಏಳನೆಯ ಜಾಗದಲ್ಲಿ ನಾಗ ನಿಂತ, ಅವನ ಆಚೆ ಎಂಟನೆಯವನಾಗಿ ಗಣಪ. ಮಾಸ್ತಿ ಮುಂದೆ ನಿಂತು ಹಿಂಡು ತೋರಿಸಿದ. ದೋಣಿ ಸುತ್ತು ಹೊಡೆಯಿತು, ತಳದ ಹಗ್ಗ ಎಳೆದರು, ಬಲೆ ಎತ್ತಿದರೆ ಒಳಗೆ ನಾಲ್ಕು ಜೆಲ್ಲಿ ಮೀನು. ಹಿಂಡು ತಳದಿಂದ ತಪ್ಪಿಸಿಕೊಂಡಿತ್ತು.

ಬಾಡದವರಿಗೆ ರಂಪಣಿ ಕಾಲದಿಂದಲೂ ಒಂದು ಒಳ್ಳೆಯ ಅಭ್ಯಾಸವಿತ್ತು. ಬಲೆ ತಪ್ಪಿದ ದಿನ ಎಲ್ಲರೂ ಸುತ್ತ ಕೂತು, ತನ್ನ ಕೈಯಲ್ಲಿ ಹಗ್ಗ ಹೇಗಿತ್ತು ಎಂದು ಒಬ್ಬೊಬ್ಬರೂ ಹೇಳಬೇಕು. ತಪ್ಪು ಯಾರದು ಎಂಬ ಮಾತು ಎತ್ತುವಂತಿಲ್ಲ, ಕೈಯ ಸುದ್ದಿ ಮಾತ್ರ. ಮೊದಲ ದಿನದ ಕೈಗಳು ತಳ ಹಗುರ ಎಂದವು, ಸೀಸದ ಗುಂಡು ಹೆಚ್ಚಿಸಿದರು. ಎರಡನೆಯ ಸಲದ ಕೈಗಳು ಬಳೆಯಲ್ಲಿ ಹಗ್ಗ ಕಚ್ಚುತ್ತದೆ ಎಂದವು, ಬಳೆ ಬದಲಿಸಿದರು. ಮೂರನೆಯ ಸಲ ಮಷಿನ್ ಓಡಿಸುವ ಬೀರ, ಸುತ್ತು ದೊಡ್ಡದಾಯಿತು ಎಂದ, ಸುತ್ತು ಕಿರಿದು ಮಾಡಿದರು. ಸಾಹೇಬರ ವರದಿಯಲ್ಲಿ ಇದೆಲ್ಲ ಇದೆ.

ನಾಲ್ಕನೆಯ ಸಲವೂ ಬಲೆ ಖಾಲಿ ಬಂತು. ಇನ್ನು ತಿದ್ದಲು ಏನೂ ಉಳಿದಿರಲಿಲ್ಲ. ಎರಡು ತಿಂಗಳಿಂದ ಪಾಲಿಲ್ಲದ ಮನೆಗಳಲ್ಲಿ ಗಂಜಿ ನೀರಾಗಿತ್ತು. ಮುಂಬಯಿಯ ಹಡಗಿನ ಕೆಲಸಕ್ಕೆ ಹೋಗುವ ಮಾತು ನಾಲ್ಕಾರು ಮನೆಗಳಲ್ಲಿ ಶುರುವಾಗಿತ್ತು. ಇನ್ನೊಂದು ಸಲ ತಪ್ಪಿದರೆ ಕಂಪನಿ ಮುರಿಯುತ್ತದೆ ಎಂದು ಎಲ್ಲರಿಗೂ ತಿಳಿದಿತ್ತು. ಸುತ್ತ ಕೂತು ಕೈಯ ಸುದ್ದಿ ಹೇಳತೊಡಗಿದರು. ಒಂದನೆಯವನಿಂದ ಆರನೆಯವನವರೆಗೆ ಎಲ್ಲರದ್ದೂ ಸರಿ. ನಾಗನ ಸರದಿ ಬಂದಾಗ ಅವನು ತನ್ನ ಅಂಗೈ ನೋಡಿಕೊಂಡ.

"ನಾ ನಾಕೂ ಸಲ ಸುಳ್ಳು ಹೇಳ್ದೆ," ಎಂದ. "ನನ್ ಕೈಲಿ ಹಗ್ಗ ಇರೂದೇ ಇಲ್ಲ ಮಾರಾಯ್ರೆ. ಹಿಡಿತೆ, ಯಾರೋ ಕಸ್ಕಂಡಂಗೆ ಆತದೆ. ತಣ್ಣಗೆ. ಆವಾಗ್ಲೇ ತಳ ಸಡಿಲ ಆಗೂದು."

ಯಾರೂ ನಗಲಿಲ್ಲ. ಗಣಪ ದೊಡ್ಡಪ್ಪನ ಮುಖವನ್ನೇ ನೋಡಿದ. ಮಾಸ್ತಿಗೆ ಆ ಕ್ಷಣ ಹೆದರಿಕೆಗಿಂತ ಹೆಚ್ಚು ನಾಚಿಕೆಯಾಯಿತು. ಇವರೆಲ್ಲ ಹಸಿದುಕೊಂಡು ತಮ್ಮ ತಮ್ಮ ಕೈಯ ಸುದ್ದಿ ಹೇಳುತ್ತಿದ್ದಾರೆ, ತಾನು ಒಬ್ಬನೇ ಕಣ್ಣಿನ ಸುದ್ದಿ ಮುಚ್ಚಿಟ್ಟುಕೊಂಡು ಕೂತಿದ್ದೇನೆ.

"ನಾಳೆ ಏಳನೇ ಜಾಗ ಬಿಡಿ," ಎಂದ. "ನಾಗ ಈಚೆ ಬರಲಿ. ಹಿಂಡು ಸುತ್ತುಗಟ್ಟಿದ ಮೇಲೆ ನಾನೂ ಹಗ್ಗಕ್ಕೆ ಬತ್ತೆ. ಆ ಜಾಗದ ಪಕ್ಕಕ್ಕೆ."

ನೋಡುವವನು ಹಗ್ಗ ಹಿಡಿಯುವಂತಿಲ್ಲ ಎಂದು ಯಾರೋ ಗೊಣಗಿದರು. ಚೌಡ ಕೈ ಎತ್ತಿ ಸುಮ್ಮನಿರಿಸಿದ. "ಬಲೆನೇ ಬಿಚ್ಚಿ ಹೊಲ್ದಾತು. ಇದೂ ಒಂದು ಹೋಗ್ಲಿ," ಎಂದ.

ಮರುದಿನ ಹತ್ತು ಗಂಟೆಯ ಬಿಸಿಲು. ಗಾಳಿ ಇರಲಿಲ್ಲ. ಮಾಸ್ತಿ ತೋರಿಸಿದ ಹಿಂಡು ದೊಡ್ಡದು, ಹದಿನಾಲ್ಕು ವರ್ಷದ ಹಿಂದಿನ ಆ ಹಿಂಡಿನಷ್ಟೇ ದೊಡ್ಡದು. ದೋಣಿ ಸುತ್ತು ಮುಗಿಸಿತು. ಅವನು ದೋಣಿಯ ಮುಂತುದಿಯಿಂದ ಇಳಿದು ಬಂದು, ನಾಗನ ಪಕ್ಕ ಆರನೆಯವನಾಗಿ ನಿಂತ. ಅವನ ಎಡಕ್ಕೆ ಖಾಲಿ ಜಾಗ, ಅದರಾಚೆ ಗಣಪ.

ಎಳೆತ ಶುರುವಾಯಿತು. ಮಾಸ್ತಿ ಬಲಕ್ಕೇ ನೋಡುತ್ತಿದ್ದ, ಎಡಕ್ಕೆ ತಿರುಗುವ ಧೈರ್ಯ ಬರಲಿಲ್ಲ. ಎಡ ಹೆಗಲಿಗೆ ಒದ್ದೆ ಬಟ್ಟೆ ತಾಗಿದಂಥ ತಂಪು. ಇತರ ದೋಣಿಗಳಲ್ಲಿ ಎಳೆಯುವಾಗ ಹಾಡುತ್ತಾರೆ, ಕೂಗುತ್ತಾರೆ. ಅಂದು ಈ ದೋಣಿಯಲ್ಲಿ ಉಸಿರಿನ ಸದ್ದು ಮಾತ್ರ ಇತ್ತು. ಉಸಿರು ಹದಿನಾರಕ್ಕಿಂತ ಒಂದು ಹೆಚ್ಚಾಗಿ ಕೇಳುತ್ತಿತ್ತು.

ತಳ ಅರ್ಧ ಮುಚ್ಚಿದಾಗ ಹಿಂಡು ಒಮ್ಮೆಗೇ ಕೆಳಕ್ಕೆ ನುಗ್ಗಿತು. ದೋಣಿ ಒಂದು ಬದಿಗೆ ವಾಲಿತು. ಹಗ್ಗ ಕೈಗಳಿಂದ ಜಾರಿ ಸಮುದ್ರಕ್ಕೆ ಓಡತೊಡಗಿತು. ದೋಣಿಯ ತಳದಲ್ಲಿ ಸುರುಳಿಯಾಗಿ ಬಿದ್ದಿದ್ದ ಹಗ್ಗ ಬಿಚ್ಚಿಕೊಳ್ಳುತ್ತ ಗಣಪನ ಕಾಲಿಗೆ ಸುತ್ತಿಕೊಂಡಿತು. ಮಾಸ್ತಿಗೆ ಎದುರಿನ ವಸ್ತು ಕಾಣುವುದಿಲ್ಲ, ಆದರೆ ಓಡುವ ಹಗ್ಗದ ಹಿಂದೆ ಎಡಕ್ಕೆ ಹೊರಳಿದ ಕಣ್ಣಿಗೆ ಅದು ಕಂಡಿತು. ಮಾಬ್ಲ ಹೋದದ್ದು ಹೀಗೇ. ಕೈ ಚಾಚಲೂ ಹೊತ್ತಿರಲಿಲ್ಲ.

ಹಗ್ಗ ನಿಂತಿತು.

ಖಾಲಿ ಜಾಗದಲ್ಲಿ, ಸೊಂಟದ ಎತ್ತರದಲ್ಲಿ, ಹಗ್ಗ ದೋಣಿಯ ಒಳಗಡೆಗೆ ಬಾಗಿ ನಿಂತಿತ್ತು. ಎರಡು ಕಡೆ, ಎರಡು ಮುಷ್ಟಿಯ ಅಗಲಕ್ಕೆ, ಹಿಂಡಿದ ಹಾಗೆ ನೀರು ಸುರಿಯುತ್ತಿತ್ತು. ಅದರ ಕೆಳಗೆ ದೋಣಿಯ ಹಲಗೆ ಕಿರ್ರೆಂದಿತು, ಯಾರೋ ಹಿಮ್ಮಡಿ ಊರಿದ ಹಾಗೆ. ಅವನು ಊರವರ ಕಡೆಗೇ ಎಳೆಯುತ್ತಿದ್ದ. ಹದಿನಾಲ್ಕು ವರ್ಷವೂ ಈ ಕಡೆಗೇ ಎಳೆದಿದ್ದ.

ಗಣಪ ಕಾಲು ಬಿಡಿಸಿಕೊಂಡ. ಮುಖ ಸುಣ್ಣವಾಗಿತ್ತು, ಆದರೆ ಹಗ್ಗ ಬಿಡಲಿಲ್ಲ. ಎಲ್ಲರೂ ಮತ್ತೆ ಎಳೆದರು. ತಳ ಮುಚ್ಚಿತು. ಬಲೆಯೊಳಗೆ ಬಂಗಡೆಗಳು ಪಟಪಟ ಹೊಡೆದುಕೊಳ್ಳುವ ಸದ್ದು ಮೇಲೇರಿತು. ಆ ಸದ್ದಿನ ನಡುವೆ ಮಾಸ್ತಿ ಮೊದಲ ಸಲ ತಲೆ ಎತ್ತಿ, ಖಾಲಿ ಜಾಗದಲ್ಲಿ ಮುಖ ಇರಬೇಕಾದ ಎತ್ತರಕ್ಕೆ ನೋಡಿದ. ಅಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

"ಮಾಬ್ಲ," ಎಂದ. "ಅವತ್ತು ನೀರು ಬೆಳ್ಳಗಾಗಿದ್ದು ನಾ ನೋಡಿದ್ದೆ. ನೋಡೇ ಪಂಜಿ ಬೀಸ್ದೆ."

ಮಾತು ಗಣಪನಿಗೂ ಕೇಳಿಸಿತು. ಅವನು ತಿರುಗಿ ನೋಡಿದ. ಕಣ್ಣು ತುಂಬಿತ್ತು. ಆಮೇಲೆ ಖಾಲಿ ಜಾಗದ ಹಗ್ಗ, ಯಾವ ಎರಡು ಕೈಗಳ ನಡುವಿನ ಹಗ್ಗವೂ ಜೋಲುವಂತೆ, ನಿಧಾನವಾಗಿ ಜೋತುಬಿತ್ತು.

ನಾಗ ಅದನ್ನು ಹಿಡಿಯಲು ಕೈ ಚಾಚಿದ. ಮಾಸ್ತಿ ಬೇಡ ಎಂದು ಅವನನ್ನು ತಡೆದು, ತಾನೇ ಒಂದು ಹೆಜ್ಜೆ ಎಡಕ್ಕೆ ಸರಿದು ಏಳನೆಯ ಜಾಗದಲ್ಲಿ ನಿಂತು ಹಗ್ಗ ಹಿಡಿದ. ಸಮುದ್ರದಿಂದ ಬಂದ ಹಗ್ಗ ಉದ್ದಕ್ಕೂ ತಣ್ಣಗಿತ್ತು. ಆ ಎರಡು ಮುಷ್ಟಿಯ ಅಗಲದಲ್ಲಿ ಮಾತ್ರ ಬೆಚ್ಚಗಿತ್ತು.